ಸಂಪಿಗೆ ರಸ್ತೆಯಲ್ಲಿ ಸುಂಕದ ಕಟ್ಟೆ

2025ನೆಯ ಇಸವಿಯ ಜುಲೈ ತಿಂಗಳಲ್ಲಿ ಬೆಂಗಳೂರಿನ ಬೇಕರಿ, ಕಾಫಿ ಅಂಗಡಿ, ತರಕಾರಿ ಮಳಿಗೆಗಳ ಮುಂದೆ ಒಂದು ಹೊಸ ಬರಹ ಕಾಣಿಸಿಕೊಂಡಿತು. “ಯು.ಪಿ.ಐ. ಇಲ್ಲ, ನಗದು ಮಾತ್ರ” ಎಂಬುದೇ ಆ ಬರಹ. ಒಂಬತ್ತು ವರ್ಷಗಳ ಕಾಲ ಸರ್ಕಾರದವರೂ ಬ್ಯಾಂಕುಗಳವರೂ ಕಂಪೆನಿಗಳವರೂ ಒಟ್ಟುಗೂಡಿ ಅಂಗಡಿ ಅಂಗಡಿಗೂ ಅಂಟಿಸಿದ್ದ ಕಪ್ಪು ಬಿಳುಪಿನ ಚೌಕಚಿತ್ರಗಳನ್ನು ಅಂಗಡಿಯವರು ತಮ್ಮ ಕೈಯಾರೆ ಕಿತ್ತುಹಾಕತೊಡಗಿದರು. ಕಾರಣವೇನೆಂಬುದು ಗುಟ್ಟಾಗಿರಲಿಲ್ಲ. ಈ ಚೌಕಗಳ ಮೂಲಕ ವರ್ತಕರ ಖಾತೆಗಳಿಗೆ ಜಮೆಯಾದ ಹಣದ ವಿವರವನ್ನು ವಾಣಿಜ್ಯ ತೆರಿಗೆ ಇಲಾಖೆಯವರು ಹಣಪಾವತಿಯ ಕಂಪೆನಿಗಳಿಂದ ತರಿಸಿಕೊಂಡು, 2021–22ರಿಂದ 2024–25ರವರೆಗಿನ ನಾಲ್ಕು ವರ್ಷಗಳ ವಹಿವಾಟಿಗೆ ಸರಕು ಮತ್ತು ಸೇವಾ ತೆರಿಗೆಯನ್ನೇಕೆ ಕಟ್ಟಿಲ್ಲವೆಂದು ಸಾವಿರಾರು ಮಂದಿ ಸಣ್ಣ ವರ್ತಕರಿಗೆ ನೋಟೀಸು ಕಳುಹಿಸಿದ್ದರು. ನೋಟೀಸು ಬಂದವರು ಕೆಲವು ಸಾವಿರ. ಬಂದೀತೆಂದು ಬೆದರಿದವರ ಸಂಖ್ಯೆಗೆ ಲೆಕ್ಕವಿಲ್ಲ.

ಆ ಗೊಂದಲ ಬಹುಮಟ್ಟಿಗೆ ಅಡಗಿದೆ. ಗಲಭೆಯ ನಡುವೆ ನ್ಯಾಯವಾಗಿ ಯೋಚಿಸುವುದು ಯಾರಿಗೂ ಸುಲಭವಲ್ಲ. ಅಡಗಿದ ಮೇಲೆ ಮರೆತುಬಿಡುವುದು ಎಲ್ಲರಿಗೂ ಸುಲಭ. ಮರೆಯುವುದಕ್ಕೆ ಮುಂಚೆ ಈ ವಿಷಯವಾಗಿ ಪಟ್ಟಣಿಗರಿಗೂ ಅಧಿಕಾರಸ್ಥಾನದಲ್ಲಿರುವ ಮಹನೀಯರಿಗೂ ಕೆಲವು ಮಾತುಗಳನ್ನು ಅರಿಕೆಮಾಡಬೇಕಾಗಿದೆ.

ಉದಾಹರಣೆಗಾಗಿ ದೂರ ಹೋಗಬೇಕಾದ್ದಿಲ್ಲ; ಮಲ್ಲೇಶ್ವರದ ಸಂಪಿಗೆ ರಸ್ತೆಯನ್ನೇ ತೆಗೆದುಕೊಳ್ಳೋಣ. 1898ರ ಪ್ಲೇಗಿನ ತರುವಾಯ ಹಳೆಯ ಪೇಟೆಯ ಇಕ್ಕಟ್ಟಿನಿಂದ ಹೊರಬಂದ ಜನರಿಂದ ಬೆಳೆದ ಬಡಾವಣೆಗೆ ಇದು ಬೆನ್ನೆಲುಬಿನಂಥ ರಸ್ತೆ. ಇದರ ದಕ್ಷಿಣದ ತುದಿಯಲ್ಲಿ 2010ರಲ್ಲಿ ತೆರೆದ ಮಂತ್ರಿ ಸ್ಕ್ವೇರ್ ಎಂಬ ಬಹುಮಹಡಿಯ ಮಳಿಗೆಗಳ ಸೌಧವಿದೆ; ಅದರ ಪಕ್ಕದಲ್ಲಿಯೇ ರಸ್ತೆಯ ಹೆಸರನ್ನು ಹೊತ್ತ ಮೆಟ್ರೋ ನಿಲ್ದಾಣವಿದೆ. ಅಲ್ಲಿಂದ ಉತ್ತರಕ್ಕೆ ಎಂಟನೆಯ ಅಡ್ಡರಸ್ತೆಯ ಕಡೆಗೆ ನಡೆದು ಬರುವವನು ಸೀರೆಯ ಅಂಗಡಿ, ಪಾತ್ರೆಯ ಅಂಗಡಿ, ಕುರುಕಲು ತಿಂಡಿಯ ಅಂಗಡಿ, ನಿಂತು ಕಾಫಿ ಕುಡಿಯುವ ಅಂಗಡಿಗಳನ್ನು ದಾಟುತ್ತಾನೆ. ಕಾಲುದಾರಿಯ ಅಂಚಿನಲ್ಲಿ ಗಾಜಿನ ಬಳೆ, ಬಾಳೆಯೆಲೆ, ಸೊಪ್ಪು, ನಿಂಬೆಹಣ್ಣು, ಮೊಳದ ಲೆಕ್ಕದಲ್ಲಿ ಮಲ್ಲಿಗೆ. ಸೌಧದೊಳಗಿನ ಆಭರಣದ ಅಂಗಡಿಗೂ ಹೂವಾಡಗಿತ್ತಿಯ ಬುಟ್ಟಿಗೂ ಒಂದೇ ಬಗೆಯ ಚೌಕಚಿತ್ರ. ಚೌಕ ಒಂದೇ ಆದಮಾತ್ರಕ್ಕೆ ವ್ಯಾಪಾರ ಒಂದೇ ಅಲ್ಲವೆಂಬುದು ಬುಟ್ಟಿಯ ಮುಂದೆ ಎರಡು ನಿಮಿಷ ನಿಂತವನಿಗೆ ತಾನಾಗಿ ತಿಳಿಯುತ್ತದೆ. ಲೆಕ್ಕದ ಯಂತ್ರದ ಮುಂದೆ ಕುಳಿತವನಿಗೆ ತಿಳಿಯಲಿಲ್ಲ.

ಈ ಚೌಕದ ಪೂರ್ವೋತ್ತರವು ವಿಚಿತ್ರವಾದದ್ದು. 1994ರಲ್ಲಿ ಜಪಾನಿನ ಡೆನ್ಸೋ ವೇವ್ ಎಂಬ ಕಂಪೆನಿಯವರು ಮೋಟಾರು ಕಾರ್ಖಾನೆಯ ಬಿಡಿಭಾಗಗಳನ್ನು ಗುರುತಿಸುವುದಕ್ಕಾಗಿ ಇದನ್ನು ಕಂಡುಹಿಡಿದರು. ನಮ್ಮ ದೇಶದಲ್ಲಿ 2016ನೆಯ ಏಪ್ರಿಲ್ ತಿಂಗಳಲ್ಲಿ ಯು.ಪಿ.ಐ. ಎಂಬ ಪಾವತಿಯ ಕ್ರಮ ಹೊರಟಿತು. ಅದೇ ವರ್ಷದ ನವೆಂಬರ್ 8ರ ರಾತ್ರಿ 500 ಮತ್ತು 1,000 ರೂಪಾಯಿಗಳ ನೋಟುಗಳ ಚಲಾವಣೆ ರದ್ದಾಯಿತು. ಆ ದಿನಗಳಲ್ಲಿ ಬ್ಯಾಂಕುಗಳ ಮುಂದೆ ನಿಂತ ಸಾಲುಗಳನ್ನು ನಮ್ಮ ವಾಚಕರು ಮರೆತಿರಲಾರರು. ಕೊಳ್ಳುವವರ ಕೈಯಲ್ಲಿ ನೋಟಿಲ್ಲ. ಸಂಜೆಗೆ ಬಾಡುವ ಹೂವು ಬುಟ್ಟಿಯಲ್ಲಿದೆ. ಬೀದಿಯ ವ್ಯಾಪಾರಿಯು ಹೊಸ ಕ್ರಮಕ್ಕೆ ಒಲಿದುದರಲ್ಲಿ ಉತ್ಸಾಹಕ್ಕಿಂತ ನಿರ್ವಾಹವಿಲ್ಲದ ಸ್ಥಿತಿಯೇ ಹೆಚ್ಚಿನದಾಗಿತ್ತು.

ಒಲಿದ ಮೇಲೆ ಪ್ರಯೋಜನ ಕಂಡುಬಂದಿತೆಂಬುದೂ ನಿಜ. ಚಿಲ್ಲರೆಯ ಜಗಳ ತಪ್ಪಿತು. ಖೋಟಾ ನೋಟಿನ ಭಯವಿಲ್ಲ. ಸಂಜೆ ಗಂಟುಕಟ್ಟಿಕೊಂಡು ಬಸ್ಸು ಹತ್ತುವಾಗ ಕಳ್ಳನ ಭಯವೂ ಕಡಿಮೆಯಾಯಿತು. 2020ನೆಯ ಜನವರಿಯಿಂದ ಈ ಪಾವತಿಗಳ ಮೇಲೆ ವರ್ತಕನಿಂದ ದಸ್ತೂರಿ ತೆಗೆದುಕೊಳ್ಳಕೂಡದೆಂದು ಕೇಂದ್ರ ಸರ್ಕಾರ ವಿಧಿಸಿತು. “ಇಷ್ಟು ರೂಪಾಯಿ ಬಂದಿದೆ” ಎಂದು ಗಟ್ಟಿಯಾಗಿ ಹೇಳುವ ಪೆಟ್ಟಿಗೆಯೊಂದು, ತಿಂಗಳ ಬಾಡಿಗೆಯ ಮೇಲೆ, ತಕ್ಕಡಿಯ ಪಕ್ಕಕ್ಕೆ ಬಂದು ಕುಳಿತಿತು. 2025ನೆಯ ಆಗಸ್ಟ್ ತಿಂಗಳೊಂದರಲ್ಲಿಯೇ ದೇಶದಲ್ಲಿ ಇಂಥ ಪಾವತಿಗಳ ಸಂಖ್ಯೆ 2,000 ಕೋಟಿಯನ್ನು ದಾಟಿತು. ಶಿವನಸಮುದ್ರದ ವಿದ್ಯುತ್ತನ್ನು ತಂದು 1905ರಲ್ಲಿಯೇ ಬೀದಿಗೆ ದೀಪ ಹಚ್ಚಿದ ಊರಿನವರು ನಾವು. ಹೊಸ ಯಂತ್ರವನ್ನು ಕಂಡು ಹೆದರಬೇಕೆಂದು ನಾವು ಯಾರಿಗೂ ಹೇಳತಕ್ಕವರಲ್ಲ.

ಆದರೆ ಈ ಯಂತ್ರವು ಹಣವನ್ನು ಸಾಗಿಸುವುದರ ಜೊತೆಗೆ ಮತ್ತೊಂದು ಕೆಲಸವನ್ನು ಸದ್ದಿಲ್ಲದೆ ಮಾಡುತ್ತದೆ. ಅದು ಬರೆದಿಡುತ್ತದೆ. ಹಿಂದೆ ಹೂವಾಡಗಿತ್ತಿಯ ಕಿರ್ದಿ ಪುಸ್ತಕವೆಂದರೆ ಅವಳ ಸೆರಗಿನ ಗಂಟು. ಬೆಳಗಿನ ಜಾವ ಮಾರುಕಟ್ಟೆಯಲ್ಲಿ ಹೂವಿಗೆ ಕೊಟ್ಟ ಬಂಡವಾಳ, ಬಡ್ಡಿಯವನ ಪಾಲು, ಆಟೋರಿಕ್ಷಾದ ಬಾಡಿಗೆ, ರಾತ್ರಿಯ ಅಕ್ಕಿಯ ದುಡ್ಡು, ಎಲ್ಲವೂ ಆ ಒಂದೇ ಗಂಟಿನಲ್ಲಿ. ಯಾವುದು ಎಷ್ಟೆಂಬುದು ಅವಳಿಗೆ ಗೊತ್ತು. ಮತ್ತೊಬ್ಬರಿಗೆ ಗೊತ್ತಾಗುವ ಅವಶ್ಯಕತೆಯಿರಲಿಲ್ಲ. ಈಗಲೂ ಗಂಟು ಒಂದೇ. ಅದನ್ನು ಬ್ಯಾಂಕಿನ ಖಾತೆಯಲ್ಲಿ ಕಟ್ಟಿದ್ದಾಗಿದೆ, ಎಣಿಸುವವರು ಬೇರೆಯವರು, ಮತ್ತು ಅವರು ಬರುವ ಹಣವನ್ನು ಮಾತ್ರ ಎಣಿಸುತ್ತಾರೆ.

ಜಮೆಯಾದದ್ದೆಲ್ಲವೂ ಮಾರಾಟವಲ್ಲ. ಭಾವಮೈದುನ ತೀರಿಸಿದ ಕೈಸಾಲ, ಎತ್ತಿದ ಚೀಟಿಯ ಹಣ, ಮಗನ ಕಾಲೇಜಿನ ಫೀಜಿಗೆಂದು ಅಣ್ಣ ಕಳುಹಿಸಿದ ರೊಕ್ಕ, ಇವೂ ಅದೇ ಖಾತೆಗೆ ಅದೇ ದಾರಿಯಲ್ಲಿ ಬರುತ್ತವೆ. ಇನ್ನು ಮಾರಾಟವೆಲ್ಲವೂ ಲಾಭವಲ್ಲವೆಂಬುದನ್ನು ವಿದ್ಯಾವಂತರಾದ ನಮ್ಮ ವಾಚಕರಿಗೆ ಹೇಳಬೇಕಾದ್ದಿಲ್ಲ. ಆದರೂ ಲೆಕ್ಕವನ್ನು ಒಮ್ಮೆ ಮಾಡಿ ನೋಡುವುದು ಮೇಲು. ಸರಕು ಮಾರುವವನ ವಾರ್ಷಿಕ ವಹಿವಾಟು 40 ಲಕ್ಷ ರೂಪಾಯಿಗಳನ್ನು ಮೀರಿದರೆ ಅವನು ತೆರಿಗೆಯ ನೋಂದಣಿ ಮಾಡಿಸಿಕೊಳ್ಳಬೇಕು. ಕಾಫಿ ಅಂಗಡಿ ಮೊದಲಾದ ಸೇವೆಗಳವರಿಗೆ ಮಿತಿ 20 ಲಕ್ಷ. 40 ಲಕ್ಷವೆಂದರೆ ಕಿವಿಗೆ ದೊಡ್ಡ ಮೊತ್ತ. ದಿನಕ್ಕೆ ಹಂಚಿದರೆ ಅದು ಸುಮಾರು 11,000 ರೂಪಾಯಿ. ಹಾಲು, ಬ್ರೆಡ್ಡು, ಬಿಸ್ಕತ್ತು, ಬೀಡಿ ಸಿಗರೇಟು ಮಾರುವ ಮೂಲೆಯಂಗಡಿಯಲ್ಲಿ ಇಷ್ಟು ಹಣ ಕೈಬದಲಾಗುವುದು ಆಶ್ಚರ್ಯವಲ್ಲ. ನೂರಕ್ಕೆ ಐದು ರೂಪಾಯಿ ಉಳಿಯುತ್ತದೆಂದು ಇಟ್ಟುಕೊಂಡರೆ ದಿನದ ಉಳಿಕೆ 550 ರೂಪಾಯಿ. ಅದರಲ್ಲಿ ಅಂಗಡಿಯ ಬಾಡಿಗೆ, ದೀಪದ ಬಿಲ್ಲು, ಹುಡುಗನ ಸಂಬಳ. ನಮ್ಮ ಕಛೇರಿಗಳಲ್ಲಿ ಲಕ್ಷವೆಂಬ ಮಾತನ್ನು ಸಂಬಳದ ಸಂಬಂಧವಾಗಿ ಕೇಳಿ ಅಭ್ಯಾಸವಾದವರು ವಹಿವಾಟಿನ ಲಕ್ಷವನ್ನೂ ಹಾಗೆಯೇ ಭಾವಿಸುವುದುಂಟು.

ಕಾನೂನು ಮಾಡಿದವರಿಗೆ ಈ ವ್ಯತ್ಯಾಸ ತಿಳಿದಿರಲಿಲ್ಲವೆಂದು ಹೇಳಲಾಗದು. 1939ರಲ್ಲಿ ರಾಜಗೋಪಾಲಾಚಾರ್ಯರ ಮಂತ್ರಿಮಂಡಲವು ಮದರಾಸು ಪ್ರಾಂತದಲ್ಲಿ ಸಾಮಾನ್ಯ ಮಾರಾಟ ತೆರಿಗೆಯನ್ನು ತಂದಾಗಲೂ ಅಲ್ಪ ವಹಿವಾಟಿನವರನ್ನು ಬಿಟ್ಟುಕೊಟ್ಟಿತ್ತು. ನಮ್ಮ ಮೈಸೂರಿನಲ್ಲಿ ಮಾರಾಟ ತೆರಿಗೆಯ ಶಾಸನ ಬಂದದ್ದು 1948ರಲ್ಲಿ. 2017ನೆಯ ಜುಲೈ 1ರಿಂದ ಜಾರಿಯಲ್ಲಿರುವ ಈಗಿನ ತೆರಿಗೆಯಲ್ಲಿಯೂ ತಾಜಾ ತರಕಾರಿ, ಹಣ್ಣು, ಹೂವು, ಹಾಲು, ತೆಂಗಿನಕಾಯಿ, ಗಾಜಿನ ಬಳೆ, ಕುಂಕುಮಗಳಿಗೆ ತೆರಿಗೆಯೇ ಇಲ್ಲ. ಇವುಗಳನ್ನು ಮಾತ್ರ ಮಾರುವವನು ಎಷ್ಟೇ ವಹಿವಾಟು ನಡೆಸಿದರೂ ನೋಂದಣಿ ಬೇಡ. ತೊಡಕು ಇರುವುದು ಮುಂದಿನ ಹೆಜ್ಜೆಯಲ್ಲಿ. ಹೂವಿನ ಅಂಗಡಿಯವನು ಪಕ್ಕದಲ್ಲಿ ಊದುಬತ್ತಿಯ ಕಟ್ಟುಗಳನ್ನೂ ಇಟ್ಟನೆನ್ನೋಣ. ಊದುಬತ್ತಿಗೆ ನೂರಕ್ಕೆ 5ರ ತೆರಿಗೆಯುಂಟು. ಆ ಕ್ಷಣದಿಂದ ಅವನು ಕೇವಲ ತೆರಿಗೆಯಿಲ್ಲದ ಸರಕಿನ ವ್ಯಾಪಾರಿಯಲ್ಲ; 40 ಲಕ್ಷದ ಮಿತಿಯನ್ನು ನೋಡುವಾಗ ಹೂವಿನ ಮಾರಾಟವನ್ನೂ ಸೇರಿಸಿಯೇ ಎಣಿಸತಕ್ಕದ್ದು ಎನ್ನುತ್ತದೆ ಶಾಸನ. ವಕೀಲರಿಗೂ ಎರಡು ಸಲ ಓದಿ ತಿಳಿಯಬೇಕಾದ ಈ ಸೂಕ್ಷ್ಮವನ್ನು ಎಂಟನೆಯ ಅಡ್ಡರಸ್ತೆಯ ಮೂಲೆಯಲ್ಲಿ ಮೊಳ ಹಾಕುತ್ತಿರುವವನು ತಾನಾಗಿಯೇ ಅರಿತಿರಬೇಕೆಂದು ನಿರೀಕ್ಷಿಸುವುದು ನ್ಯಾಯವೇ?

ಹಾವೇರಿಯ ತರಕಾರಿ ವ್ಯಾಪಾರಿಯೊಬ್ಬರ ಸಂಗತಿಯು ಆಗ ಪತ್ರಿಕೆಗಳಲ್ಲೆಲ್ಲ ಬಂದಿತು. ನಾಲ್ಕು ವರ್ಷಗಳಲ್ಲಿ ಅವರ ಖಾತೆಯ ಮೂಲಕ ನಡೆದ ವಹಿವಾಟು 1.63 ಕೋಟಿ ರೂಪಾಯಿ. ಕೇಳಿದ ತೆರಿಗೆ 29 ಲಕ್ಷ. ಭಾಗಾಕಾರ ಮಾಡಿ ನೋಡಿದರೆ ಇದು ನೂರಕ್ಕೆ ಸುಮಾರು 18ರ ದರ. ತಾಜಾ ತರಕಾರಿಯ ದರವಾದರೋ ಸೊನ್ನೆ. ನೋಟೀಸು ಅಂತಿಮ ಆಜ್ಞೆಯಲ್ಲ, ವಿವರಣೆ ಕೇಳುವ ಪತ್ರ ಮಾತ್ರ, ತೆರಿಗೆಯಿಲ್ಲದ ಸರಕಿನ ವ್ಯಾಪಾರಿಯು ಹಾಗೆಂದು ಉತ್ತರ ಕೊಟ್ಟರೆ ಕೈಬಿಡುತ್ತೇವೆ ಎಂದು ಇಲಾಖೆಯವರು ಸಮಾಧಾನ ಹೇಳಿದರು. ಇದು ಕಾನೂನಿನ ದೃಷ್ಟಿಯಿಂದ ಸರಿಯಾದ ಮಾತೇ. ಆದರೆ 29 ಲಕ್ಷವೆಂಬ ಅಂಕಿಯನ್ನು ಹೊತ್ತ ಸರ್ಕಾರಿ ಕಾಗದವನ್ನು ಕೈಯಲ್ಲಿ ಹಿಡಿದ ತರಕಾರಿಯವನು ಅದನ್ನು ವಿವರಣೆ ಕೇಳುವ ಪತ್ರವೆಂದು ಓದುವುದಿಲ್ಲ. ಮನೆ ಮಾರಬೇಕಾಗಿ ಬಂತೆಂದು ಓದುತ್ತಾನೆ. ಸುಂಕದವನ ಹತ್ತಿರ ಸುಖದುಃಖ ಹೇಳಿಕೊಂಡಂತೆ ಎಂಬ ಗಾದೆ ನಮ್ಮ ನಾಡಿನಲ್ಲಿ ಸುಮ್ಮನೆ ಹುಟ್ಟಿತೇ?

ಇಲಾಖೆಯ ಪಕ್ಷವನ್ನು ಹೇಳದೆ ಬಿಡುವುದು ನ್ಯಾಯವಾಗದು. ನೋಟೀಸು ಪಡೆದವರೆಲ್ಲರೂ ಹೂವಾಡಗಿತ್ತಿಯರಲ್ಲ. ಮಿತಿಯನ್ನು ಬಹು ಹಿಂದೆಯೇ ದಾಟಿ, ದಾಟಿದ್ದು ಗೊತ್ತಿದ್ದೂ ಸುಮ್ಮನಿದ್ದ ವರ್ತಕರಿಲ್ಲವೆಂದು ಯಾರು ತಾನೇ ಪ್ರಮಾಣ ಮಾಡಿಯಾರು? ಅವರ ಪಕ್ಕದ ಅಂಗಡಿಯವನು ನೋಂದಣಿ ಮಾಡಿಸಿಕೊಂಡು, ಪ್ರತಿ ಸರಕಿಗೂ ತೆರಿಗೆ ಸೇರಿಸಿ ಮಾರಿ, ಆ ಕಾರಣದಿಂದಲೇ ಗಿರಾಕಿಗಳನ್ನು ಕಳೆದುಕೊಳ್ಳುತ್ತಿರಬಹುದು. ಅವನ ಪರವಾಗಿ ಬೀದಿಗಿಳಿದವರನ್ನು ನಾವು ಕಾಣಲಿಲ್ಲ. ಒಂದೂವರೆ ಕೋಟಿಯವರೆಗಿನ ವಹಿವಾಟಿನ ವರ್ತಕನಿಗೆ ನೂರಕ್ಕೆ ಒಂದು ರೂಪಾಯಿ ಕಟ್ಟಿ ಮುಗಿಸುವ ಸುಲಭದ ಏರ್ಪಾಡೂ ಉಂಟು. ಅದೂ ಮೇಲೆ ಹೇಳಿದ ಐದು ರೂಪಾಯಿಯ ಲಾಭದಲ್ಲಿ ಐದರಲ್ಲೊಂದು ಪಾಲು. ಭಾರವೇ, ಹೊರಲಾರದ ಭಾರವಲ್ಲ. ರಸ್ತೆಗೆ ದೀಪವೂ ಆಸ್ಪತ್ರೆಗೆ ಔಷಧವೂ ಬೇಕೆನ್ನುವವರು ತೆರಿಗೆಯೇ ಬೇಡವೆನ್ನಲಾಗದು. ನಮ್ಮ ಆಕ್ಷೇಪಣೆ ತೆರಿಗೆಯ ಮೇಲಲ್ಲ; ಅದನ್ನು ಕೇಳಿದ ಕ್ರಮದ ಮೇಲೆ.

ಆ ಕ್ರಮ ಹೇಗಿತ್ತೆಂಬುದನ್ನು ನೋಡಿ. 2020ನೆಯ ಜೂನ್ ತಿಂಗಳಲ್ಲಿ ಬೀದಿಬದಿಯ ವ್ಯಾಪಾರಿಗಳಿಗೆ 10,000 ರೂಪಾಯಿಗಳ ಸಾಲ ಕೊಡುವ ಸ್ವನಿಧಿ ಯೋಜನೆಯನ್ನು ಕೇಂದ್ರ ಸರ್ಕಾರ ಆರಂಭಿಸಿತು. ಅದರಲ್ಲಿ ಯಂತ್ರದ ಮೂಲಕ ಹಣ ಪಡೆಯುವವನಿಗೆ ವರ್ಷಕ್ಕೆ 1,200 ರೂಪಾಯಿಗಳವರೆಗೆ ಇನಾಮು ಸಲ್ಲುತ್ತಿತ್ತು. 2025ನೆಯ ಮಾರ್ಚಿಯಲ್ಲಿ, ಸಣ್ಣ ಮೊತ್ತದ ಯು.ಪಿ.ಐ. ಪಾವತಿಗಳ ಖರ್ಚನ್ನು ಬ್ಯಾಂಕುಗಳಿಗೆ ತುಂಬಿಕೊಡಲು ಸುಮಾರು 1,500 ಕೋಟಿ ರೂಪಾಯಿಗಳನ್ನು ಅದೇ ಸರ್ಕಾರ ಮಂಜೂರು ಮಾಡಿತು. ಬಾ ಎಂದು ಕರೆದವರೂ ಬಂದದ್ದಕ್ಕೆ ತಾಂಬೂಲ ಕೊಟ್ಟವರೂ ಸರ್ಕಾರದವರೇ. ಬಂದವನ ಹೆಜ್ಜೆಗುರುತನ್ನು ನಾಲ್ಕು ವರ್ಷ ಎಣಿಸಿ ಒಂದೇ ದಿನ ಪಟ್ಟಿಯನ್ನು ಕೈಗಿತ್ತವರೂ ಸರ್ಕಾರದವರೇ. ಇದು ಕೇಂದ್ರದ ಕಾನೂನೆಂದು ರಾಜ್ಯದವರು ಆ ಕಡೆಗೂ, ನೋಟೀಸು ಕೊಟ್ಟದ್ದು ರಾಜ್ಯದ ಇಲಾಖೆಯೆಂದು ಕೇಂದ್ರದ ಮಂತ್ರಿಗಳು ಈ ಕಡೆಗೂ ಬೆರಳು ತೋರಿಸಿದರು. ಬೀದಿಯ ವ್ಯಾಪಾರಿಗೆ ಸರ್ಕಾರವೆಂಬುದು ಒಂದೇ.

ಜುಲೈ 25ರಂದು ಅಂಗಡಿಗಳನ್ನು ಮುಚ್ಚುವುದೆಂದು ವರ್ತಕರು ನಿರ್ಧರಿಸಿದ್ದರು. 23ರಂದು ಮುಖ್ಯಮಂತ್ರಿ ಸಿದ್ಧರಾಮಯ್ಯನವರು ಅವರ ಪ್ರತಿನಿಧಿಗಳನ್ನು ಕರೆಸಿ, ಹಾಲು ತರಕಾರಿ ಹಣ್ಣುಗಳನ್ನು ಮಾರುವವರಿಂದ ತೆರಿಗೆ ವಸೂಲಿಯಿಲ್ಲವೆಂದೂ, ಉಳಿದವರು ನೋಂದಣಿ ಮಾಡಿಸಿಕೊಂಡರೆ ಹಳೆಯ ಬಾಕಿಯನ್ನು ಕೇಳುವುದಿಲ್ಲವೆಂದೂ ಭರವಸೆಯಿತ್ತರು. ಬಂದ್ ನಿಂತಿತು. ಇಲಾಖೆಯವರು ತಿಳಿವಳಿಕೆಯ ಸಭೆಗಳನ್ನು ಏರ್ಪಡಿಸಿದರು. ಒಳ್ಳೆಯದು, ಆದರೆ ಮೊದಲು ಬೆತ್ತ, ಆಮೇಲೆ ಪಾಠ ಎಂಬ ಪದ್ಧತಿಯನ್ನು ನಮ್ಮ ಐಗಳ ಮಠಗಳಲ್ಲಿಯೂ ಯಾರೂ ಅನುಸರಿಸುತ್ತಿರಲಿಲ್ಲ. ಕಾಫಿ ಅಂಗಡಿಯವನ ಗುಮಾನಿಯೂ ಒಂದು ದಿನದ ಭರವಸೆಯಿಂದ ಹೋಗತಕ್ಕದ್ದಲ್ಲ.

ಇದೇ ರಸ್ತೆಯ ದಕ್ಷಿಣದ ತುದಿಯಲ್ಲಿರುವ ಸೌಧದ ಸಂಗತಿಯನ್ನು ಇಲ್ಲಿ ನೆನೆಯದಿರುವುದು ಕಷ್ಟ. ಕೋಟಿಗಟ್ಟಲೆ ಆಸ್ತಿ ತೆರಿಗೆಯ ಬಾಕಿಗಾಗಿ ನಗರಪಾಲಿಕೆಯವರು 2023ರ ಡಿಸೆಂಬರಿನಲ್ಲಿಯೂ 2024ರಲ್ಲಿಯೂ ಅದಕ್ಕೆ ಬೀಗ ಹಾಕಬೇಕಾಯಿತು. ದೊಡ್ಡ ಬಾಕಿದಾರನಿಗೆ ವಕೀಲರಿರುತ್ತಾರೆ, ನ್ಯಾಯಾಲಯವಿರುತ್ತದೆ, ಕಾಲಾವಕಾಶವಿರುತ್ತದೆ. ಅವು ಇರಬೇಕಾದುವೇ. ಅರ್ಧ ಮೈಲಿಯಾಚೆ ಬುಟ್ಟಿಯಿಟ್ಟುಕೊಂಡು ಕುಳಿತವಳಿಗೆ ಇರುವುದು ಪಕ್ಕದವಳ ಬಾಯಿಮಾತು ಮಾತ್ರ; ನೋಟೀಸು ಅವಳಿಗೆ ಬಾರದಿದ್ದರೂ ಅವಳು ಚೌಕವನ್ನು ಮಗುಚಿ ಇಟ್ಟದ್ದು ಆ ಬಾಯಿಮಾತಿನಿಂದ. ಅವಳು ಕುಳಿತ ಸ್ಥಳದ ಹಕ್ಕನ್ನು 2014ರ ಬೀದಿ ವ್ಯಾಪಾರಿಗಳ ಶಾಸನವು ಕಾಗದದ ಮೇಲೆ ಒಪ್ಪಿದೆಯಾದರೂ, ಇಂದೋ ನಾಳೆಯೋ ಎತ್ತಂಗಡಿಯೆಂಬ ಅಂಜಿಕೆ ಈ ಕಾಲುದಾರಿಗಳಿಂದ ಇನ್ನೂ ತೊಲಗಿಲ್ಲ.

ಇನ್ನು ಕೊಳ್ಳುವವರಾದ ನಮ್ಮ ಪಾಲೂ ಇದೆ. ಹತ್ತು ರೂಪಾಯಿಯ ಕೊತ್ತಂಬರಿಗೂ ಮೊಬೈಲನ್ನು ಚಾಚುವವರು ನಾವು. ಚಿಲ್ಲರೆ ತಂದಿಲ್ಲವೆಂದು ಗದರಿಸುವವರೂ ನಾವೇ. ಜುಲೈ ತಿಂಗಳಲ್ಲಿ ನಗದು ಕೇಳಿದ ಅಂಗಡಿಯವನನ್ನು ತೆರಿಗೆಗಳ್ಳನೆಂದು ಮುಖದ ಮೇಲೆ ಅಂದವರೂ ನಮ್ಮಲ್ಲಿದ್ದರು. ಅವರೇ ಮಾರನೆಯ ದಿನ ಪಾತ್ರೆಯ ಅಂಗಡಿಯಲ್ಲಿ “ಬಿಲ್ಲು ಬೇಡ, ತೆರಿಗೆ ಬಿಟ್ಟು ಕೊಡಿ” ಎಂದು ಚೌಕಾಸಿ ಮಾಡಿದ್ದರೆ ಆಶ್ಚರ್ಯವೇನೂ ಇಲ್ಲ. ಸೌಕರ್ಯ ನಮಗೆ, ದಾಖಲೆ ಅವನಿಗೆ ಎಂಬ ಈ ಹಂಚಿಕೆಯಲ್ಲಿ ನಾವು ಸೊಪ್ಪಿನವಳಿಗೆ ನಗದನ್ನೂ, ಬೆಲೆಬಾಳುವ ಸರಕನ್ನು ಮಾರುವವನಿಂದ ಬಿಲ್ಲನ್ನೂ ರೂಢಿಗೆ ತಂದುಕೊಂಡರೆ ಅರ್ಧ ತೊಡಕು ಬಿಡಿಸೀತು. ಮೊಬೈಲು ಹಿಡಿಯಲಾರದ ಮುದುಕ ಪೆನ್ಷನುದಾರರು ಮಲ್ಲೇಶ್ವರದಲ್ಲಿ ಕಡಿಮೆಯಿಲ್ಲ. ಅವರ ಸಲುವಾಗಿಯಾದರೂ ನೋಟು ಚಿಲ್ಲರೆಗಳು ಬೀದಿಯಲ್ಲಿ ಓಡಾಡುತ್ತಿರಬೇಕು.

ಸರ್ಕಾರದವರು ಮಾಡತಕ್ಕದ್ದು ಕಷ್ಟದ ಕೆಲಸವೇನಲ್ಲ. ಹತ್ತು ರೂಪಾಯಿ ಬಂತೆಂದು ಬೀದಿಗೆಲ್ಲ ಕೇಳುವಂತೆ ಕೂಗುವ ಪೆಟ್ಟಿಗೆಯು, “ಈ ವರ್ಷ ನಿಮ್ಮ ಖಾತೆಗೆ 30 ಲಕ್ಷ ಬಂದಿದೆ, ಮಿತಿ ಸಮೀಪಿಸಿತು” ಎಂದು ವರ್ತಕನ ಮೊಬೈಲಿಗೆ ಕನ್ನಡದಲ್ಲಿ ಒಂದು ಸಾಲು ಏಕೆ ಕಳುಹಿಸಬಾರದು? ಲೆಕ್ಕವು ಕಂಪೆನಿಯ ಬಳಿ ಇದೆ. ಇಲಾಖೆ ಕೇಳಿದಾಗ ಕೊಡುವ ಲೆಕ್ಕವನ್ನು ವರ್ತಕನಿಗೇ ಮೊದಲು ಕೊಡುವಂತೆ ವಿಧಿಸಬಹುದು. ಮಿತಿ ದಾಟಿದ ಮೊದಲನೆಯ ವರ್ಷವೇ ಪತ್ರ ಹೋಗಬೇಕು. ನಾಲ್ಕು ವರ್ಷದ ಬಡ್ಡಿ ಬೆಳೆಯುವವರೆಗೆ ಕಾಯಕೂಡದು. ಆ ಪತ್ರ ಕನ್ನಡದಲ್ಲಿರಬೇಕು, ಮತ್ತು “ನೀವು ಏನು ಮಾರುತ್ತೀರಿ?” ಎಂಬ ಪ್ರಶ್ನೆ ಅದರ ಮೊದಲನೆಯ ಸಾಲಿನಲ್ಲಿರಬೇಕು, ತೆರಿಗೆಯ ಅಂಕಿ ಅದಕ್ಕೆ ಉತ್ತರ ಬಂದ ಮೇಲೆ. ಮನೆಯ ಹಣಕ್ಕೊಂದು, ಅಂಗಡಿಯ ಹಣಕ್ಕೊಂದು ಖಾತೆಯನ್ನಿಟ್ಟುಕೊಳ್ಳುವಂತೆ ಬ್ಯಾಂಕಿನವರು ಚೌಕವನ್ನು ಅಂಟಿಸುವಾಗಲೇ ಹೇಳಿಕೊಡಬೇಕು.

ತಿಳಿವಳಿಕೆಯ ಸಭೆಗಳ ವಿಷಯವಾಗಿ ಒಂದು ಸೂಚನೆ. ವರ್ತಕನು ಅಂಗಡಿ ಬಿಟ್ಟು ಸಭಾಂಗಣಕ್ಕೆ ಬರಲಾರ. ಇಲಾಖೆಯ ಅಧಿಕಾರಿಯೊಬ್ಬರು ಒಂದು ಮೇಜು, ಎರಡು ಕುರ್ಚಿಗಳೊಡನೆ ಎಂಟನೆಯ ಅಡ್ಡರಸ್ತೆಗೆ ತಿಂಗಳಿಗೊಮ್ಮೆ ಬಂದು ಕುಳಿತುಕೊಳ್ಳಲಿ. ವರಮಹಾಲಕ್ಷ್ಮಿ, ಗೌರಿ ಗಣೇಶದ ವಾರಗಳನ್ನು ಬಿಟ್ಟು ಉಳಿದ ದಿನಗಳಲ್ಲಿ ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಗಿರಾಕಿಗಳು ಕಡಿಮೆ. ಆ ಹೊತ್ತಿನಲ್ಲಿ ಬಂದರೆ ಕೇಳುವುದಕ್ಕೆ ಜನ ಸಿಕ್ಕುತ್ತಾರೆ.